ಹಿತ್ತಾಳೆ ಚೊಂಬು, ನಿಂಬೆಹಣ್ಣು, 9 ಛಾಯೆ: ಮನೆಯಲ್ಲೇ ಒಂದು ನೈಜ ಪೆನ್ಸಿಲ್ ಚಿತ್ರ

ಇದು ಒಂದೇ ಒಂದು ಚಿತ್ರದ ದಾಖಲೆ. ಅಡ್ಡ ಹಿಡಿದ ಎ4 ಹಾಳೆ, ಹಿತ್ತಾಳೆ ಚೊಂಬು, ಅದರ ಎಡಮುಂದೆ ಮಾಗಿದ ನಿಂಬೆಹಣ್ಣು, ಕೆಳಗೆ ಬಿಳಿ ಪಂಚೆ. ಬರೆಯುವುದು ಪೆನ್ಸಿಲ್ಲಿನಲ್ಲಿ ಮಾತ್ರ. ಒಟ್ಟು ಹತ್ತರಿಂದ ಹನ್ನೆರಡು ಗಂಟೆಗಳ ಕೆಲಸ, ಮೂರು ನಾಲ್ಕು ಸಲ ಕೂತು ಮುಗಿಸುವಂಥದ್ದು.

ಮನೆಯಲ್ಲಿ ತಾವಾಗಿಯೇ ಕಲಿಯುವವರು ಸಾಮಾನ್ಯವಾಗಿ ಮೆಚ್ಚಿನ ನಟರ ಮುಖದಿಂದ ಶುರು ಮಾಡುತ್ತಾರೆ. ಮುಖ ಮೊದಲ ವಸ್ತುವಾಗಲು ತಕ್ಕುದಲ್ಲ. ಕಣ್ಣಿನ ಮೂಲೆ 2 ಮಿ.ಮೀ. ಸರಿದರೆ ಹೋಲಿಕೆಯೇ ಹೋಗುತ್ತದೆ, ಆದರೆ ಎಲ್ಲಿ ತಪ್ಪಿತು ಎಂಬುದು ಕಲಿಯುವವರ ಕಣ್ಣಿಗೆ ಬೀಳುವುದಿಲ್ಲ. ಚೊಂಬಿನ ಎಡಬಲ ಸಮವಾಗಿರುವುದರಿಂದ ತಪ್ಪು ತಾನಾಗಿಯೇ ಎದ್ದು ಕಾಣುತ್ತದೆ. ಶಾಲೆಯಲ್ಲಿ ಡ್ರಾಯಿಂಗ್ ಲೋಯರ್, ಹೈಯರ್ ಪರೀಕ್ಷೆಗೆ ಕೂತವರಿಗೆ ವಸ್ತುಚಿತ್ರ ಹೊಸದಲ್ಲ. ಅಲ್ಲಿ ಸಮಯ ಕಡಿಮೆ ಇದ್ದುದರಿಂದ ನೆರಳು ಹಚ್ಚುವುದು ಅವಸರದಲ್ಲಿ ಮುಗಿದುಹೋಗಿರುತ್ತದೆ. ಇಲ್ಲಿ ಮುಕ್ಕಾಲು ಪಾಲು ಸಮಯ ಅದಕ್ಕೇ ಮೀಸಲು. ಚಿತ್ರ ನಿಜವೆನಿಸುವುದು ಗೆರೆಯ ಅಂದದಿಂದಲ್ಲ. ಒಂದು ಜಾಗ ಪಕ್ಕದ ಜಾಗಕ್ಕಿಂತ ಎಷ್ಟು ಕಪ್ಪು, ಎಷ್ಟು ಬೆಳಕು ಎಂಬ ಲೆಕ್ಕ ಸರಿಯಾಗಿ ಕೂತಾಗ.

ಜೋಡಣೆ

ಈ ಚೊಂಬು 14 ಸೆಂ.ಮೀ. ಎತ್ತರ. ಹೊಟ್ಟೆಯ ಅಗಲ 13, ಬಾಯಿ 9.5, ಕಂಠ 7.5, ತಳ 6 ಸೆಂ.ಮೀ. ನಿಮ್ಮ ಮನೆಯ ಚೊಂಬಿನ ಅಳತೆ ಬೇರೆ ಇದ್ದರೆ ಮುಂದೆ ಬರುವ ಅಂಕಿಗಳೂ ಬದಲಾಗುತ್ತವೆ, ಕ್ರಮ ಮಾತ್ರ ಅದೇ.

ಹುಣಸೆಹಣ್ಣು ಹಾಕಿ ತಿಕ್ಕಿದ ದಿನವೇ ಬರೆಯಲು ಕೂರಬೇಡಿ. ಹೊಸದಾಗಿ ಬೆಳಗಿದ ಹಿತ್ತಾಳೆಯಲ್ಲಿ ಕೋಣೆಯ ಕಿಟಕಿ, ಕಪಾಟು, ಎದುರು ಕೂತವರ ಮುಖ ಎಲ್ಲವೂ ಸ್ಪಷ್ಟವಾಗಿ ಮೂಡುತ್ತವೆ. ಮೊದಲ ಚಿತ್ರಕ್ಕೆ ಅಷ್ಟು ವಿವರ ಭಾರ. ನಾಲ್ಕೈದು ದಿನ ಬಿಟ್ಟರೆ ಮೇಲ್ಮೈ ತುಸು ಮಂಕಾಗಿ ಪ್ರತಿಬಿಂಬಗಳ ಅಂಚು ಮೆತ್ತಗಾಗುತ್ತದೆ. ಜಾಗಕ್ಕೆ ಇಡುವಾಗ ಬಟ್ಟೆಯಿಂದ ಹಿಡಿಯಿರಿ. ಬೆರಳಚ್ಚು ಬಿದ್ದರೆ ಅದೂ ಒಂದು ಛಾಯೆಯಾಗಿ ಕೂರುತ್ತದೆ.

ಸುಮಾರು 45 × 35 × 30 ಸೆಂ.ಮೀ.ನ ರಟ್ಟಿನ ಪೆಟ್ಟಿಗೆ ತೆಗೆದುಕೊಂಡು ಮುಂಭಾಗ, ಮೇಲ್ಭಾಗ ಮತ್ತು ಎಡಗೋಡೆಯನ್ನು ಕತ್ತರಿಸಿ ತೆಗೆಯಿರಿ. ಹಿಂಗೋಡೆಗೆ ಬೂದು ಚಾರ್ಟ್ ಪೇಪರ್, ಬಲಗೋಡೆಗೆ ಕಪ್ಪು ಚಾರ್ಟ್ ಪೇಪರ್ ಅಂಟಿಸಿ. ನೆಲಕ್ಕೆ ಇಸ್ತ್ರಿ ಮಾಡಿದ ಬಿಳಿ ಪಂಚೆ ಹಾಸಿ, ಅದು ಪೆಟ್ಟಿಗೆಯಿಂದ ಒಂದು ಗೇಣು ಮುಂದಕ್ಕೂ ಚಾಚಿರಲಿ. ಲೋಹ ತನ್ನ ಸುತ್ತ ಇರುವುದನ್ನೇ ತೋರಿಸುವ ವಸ್ತು. ಸುತ್ತ ಇರುವುದನ್ನು ಬಿಳಿ, ಬೂದು, ಕಪ್ಪು ಎಂಬ ಮೂರಕ್ಕೆ ಇಳಿಸಿದರೆ ಚೊಂಬಿನ ಮೇಲಿನ ಗೊಂದಲವೂ ಮೂರಕ್ಕೆ ಇಳಿಯುತ್ತದೆ.

ಬೆಳಕಿಗೆ 9 ವ್ಯಾಟ್‌ನ ಒಂದೇ ಒಂದು ಎಲ್‌ಇಡಿ ಬಲ್ಬು. ಎಡಮುಂದಿನಿಂದ, ಸುಮಾರು 45 ಡಿಗ್ರಿ ಮೇಲಿನಿಂದ, 60 ಸೆಂ.ಮೀ. ದೂರದಲ್ಲಿ ಇರಲಿ. ಟ್ಯೂಬ್‌ಲೈಟ್ ಆರಿಸಿ, ಕಿಟಕಿಗೆ ಪರದೆ ಎಳೆಯಿರಿ. ಎರಡು ದಿಕ್ಕಿನಿಂದ ಬೆಳಕು ಬಂದರೆ ಎರಡು ನೆರಳು ಬೀಳುತ್ತವೆ, ಒಡಲಿನ ದುಂಡುತನ ಕಳೆದುಹೋಗುತ್ತದೆ. ಕಿಟಕಿಯ ಹಗಲುಬೆಳಕು ಸುಂದರವೇ, ಆದರೆ ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ; ಹತ್ತು ಗಂಟೆಯ ಚಿತ್ರಕ್ಕೆ ಅದು ಆಗದು. ಬರೆಯುವ ಹಾಳೆಗೆ ಬೇರೆಯೇ ದೀಪ ಇರಲಿ, ಅದರ ಬೆಳಕು ಚೊಂಬಿಗೆ ತಾಗದಂತೆ ರಟ್ಟು ಅಡ್ಡ ಇಡಿ. ಬಲಗೈಯವರಿಗೆ ಈ ದೀಪ ಎಡದಲ್ಲಿರಬೇಕು, ಇಲ್ಲದಿದ್ದರೆ ಕೈಯ ನೆರಳು ಪೆನ್ಸಿಲ್ ತುದಿಯ ಮೇಲೇ ಬೀಳುತ್ತದೆ. ಫ್ಯಾನ್ ಬೇಕೇ ಬೇಕು ಎನ್ನುವ ಊರುಗಳಲ್ಲಿ ಪಂಚೆಯ ನಾಲ್ಕೂ ಮೂಲೆಗೆ ಪಿನ್ ಹಾಕಿ.

ಕಣ್ಣು ಚೊಂಬಿನಿಂದ 80 ಸೆಂ.ಮೀ. ದೂರ, ಬಾಯಿಯ ಮಟ್ಟಕ್ಕಿಂತ 30 ಸೆಂ.ಮೀ. ಎತ್ತರದಲ್ಲಿ ಬರುವಂತೆ ಕುರ್ಚಿ ಹಾಕಿ, ಕುರ್ಚಿಯ ನಾಲ್ಕು ಕಾಲು ಇರುವಲ್ಲಿ ನೆಲಕ್ಕೆ ಟೇಪ್ ಗುರುತು ಮಾಡಿ. ನಿಂಬೆಯ ನೆರಳು ತಲೆ ಅಲುಗಿದರೂ ಕದಲದು. ಚೊಂಬಿನ ಪ್ರತಿಬಿಂಬಗಳು ತಲೆ 5 ಸೆಂ.ಮೀ. ಸರಿದರೆ ಸಾಕು, ಜಾಗ ಬಿಟ್ಟು ಓಡುತ್ತವೆ. ಹಾಗಾಗಿ ಅದೇ ಕಣ್ಮಟ್ಟದಿಂದ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ಹತ್ತಿರ ಹೋಗಿ ತೆಗೆದರೆ ಬಾಯಿ ಹಿಗ್ಗಿ ತಳ ಕುಗ್ಗುತ್ತದೆ. ಕೂತ ಜಾಗದಿಂದಲೇ 2 ಪಟ್ಟು ಜೂಮ್ ಮಾಡಿ. ಫೋಟೋ ಇರುವುದು ಪ್ರತಿಬಿಂಬದ ಆಕಾರ ನೆನಪಿಡಲು. ಛಾಯೆಗೆ ಅದನ್ನು ನಂಬಬಾರದು, ಏಕೆಂದರೆ ಮೊಬೈಲ್ ಕ್ಯಾಮೆರಾ ನೆರಳನ್ನು ತಾನೇ ಎತ್ತಿ, ಬೆಳಕನ್ನು ತಾನೇ ತಗ್ಗಿಸಿ ತೋರಿಸುತ್ತದೆ.

ಸಾಮಗ್ರಿ

ಹಾಳೆ 200 ಜಿಎಸ್‌ಎಂನದು (ಒಂದು ಚದರ ಮೀಟರ್ ಹಾಳೆಯ ತೂಕ, ಗ್ರಾಂನಲ್ಲಿ), ಬೆರಳಿಗೆ ಸಣ್ಣ ತರಿ ತಾಗುವಂಥ ಡ್ರಾಯಿಂಗ್ ಪೇಪರ್. ಗ್ರಾಫೈಟ್ ನಿಲ್ಲುವುದೇ ಆ ತರಿಯ ಹಳ್ಳಗಳಲ್ಲಿ. ಪ್ರಿಂಟರಿನ 75 ಜಿಎಸ್‌ಎಂ ಹಾಳೆ ಎರಡು ಮೂರು ಪದರಕ್ಕೇ ಸೋತು ಜಾರತೊಡಗುತ್ತದೆ. ಜಲವರ್ಣದ ಒರಟು ಹಾಳೆಯಲ್ಲಿ ಬಿಳಿ ಚುಕ್ಕಿಗಳು ಉಳಿದು ಲೋಹದ ನುಣುಪು ಬರುವುದಿಲ್ಲ. ಪರೀಕ್ಷೆಗೆಂದು ಅದೇ ಹಾಳೆ ಇನ್ನೊಂದು ಪಕ್ಕದಲ್ಲಿರಲಿ.

ಪೆನ್ಸಿಲ್: 2ಎಚ್, ಎಚ್‌ಬಿ, 2ಬಿ, 4ಬಿ, 6ಬಿ, ಜೊತೆಗೆ ಮಿನುಗದ ಕಪ್ಪು ಕೊಡುವ ಒಂದು ಕಾರ್ಬನ್ ಪೆನ್ಸಿಲ್. ಅಪ್ಸರಾ, ಕ್ಯಾಮ್ಲಿನ್, ಡೊಮ್ಸ್, ಸ್ಟೆಡ್ಲರ್ ಯಾವುದಾದರೂ ಆದೀತು, ಆದರೆ ಗ್ರಾಫೈಟ್ ಪೆನ್ಸಿಲ್‌ಗಳೆಲ್ಲ ಒಂದೇ ಕಂಪನಿಯದಾಗಿರಲಿ. ಒಬ್ಬರ 2ಬಿ ಇನ್ನೊಬ್ಬರ 4ಬಿಯಷ್ಟೇ ಕಪ್ಪಿರಬಹುದು. ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಬೆರೆಸಿ ಸುಡುವ ವಿಧಾನಕ್ಕೆ ಫ್ರಾನ್ಸಿನ ನಿಕೊಲಾ ಜಾಕ್ ಕಾಂಟೆ ಪೇಟೆಂಟ್ ಪಡೆದದ್ದು 1795ರಲ್ಲಿ. ಮಣ್ಣಿನ ಪಾಲು ಹೆಚ್ಚಿದಷ್ಟೂ ಕಡ್ಡಿ ಗಟ್ಟಿ, ಗೆರೆ ತೆಳು. ಇಂದಿನ ಎಚ್ (ಗಟ್ಟಿ), ಬಿ (ಕಪ್ಪು) ಶ್ರೇಣಿಗಳ ಹಿಂದಿರುವುದು ಆ ಪಾಲಿನ ಲೆಕ್ಕವೇ. ಇದನ್ನು ನೆನಪಿಟ್ಟುಕೊಂಡರೆ 2ಎಚ್ ಅನ್ನು ಒತ್ತಿ ಕಪ್ಪು ತರಿಸಲು ಯಾರೂ ಹೋಗುವುದಿಲ್ಲ. ಕಪ್ಪು ಬಾರದು, ಹಾಳೆಯಲ್ಲಿ ತಗ್ಗು ಬೀಳುತ್ತದೆ.

ಪೆನ್ಸಿಲ್ ಮೊನೆ ಶಾರ್ಪನರಿನಲ್ಲಿ ಬೇಡ. ಬ್ಲೇಡಿನಿಂದ ಮರ ಹೆರೆದು ಕಡ್ಡಿಯನ್ನು 12 ಮಿ.ಮೀ.ನಷ್ಟು ಹೊರತೆಗೆದು, 400 ನಂಬರಿನ ಮರಳುಕಾಗದದಲ್ಲಿ ಉಜ್ಜಿ ಸೂಜಿಮೊನೆ ಮಾಡಿ. ಉದ್ದ ಕಡ್ಡಿಯ ಪಕ್ಕದಿಂದ ಅಗಲವಾಗಿ ಹಚ್ಚಬಹುದು, ತುದಿಯಿಂದ ಕೂದಲೆಳೆ ಗೆರೆ ಎಳೆಯಬಹುದು. ಅಳಿಸಲು ಕಣಕದಂತೆ ಮೆತ್ತಗಿರುವ ನಾದುವ ರಬ್ಬರ್ (ನೀಡೆಡ್ ಇರೇಸರ್) ಒಂದು, 2.3 ಮಿ.ಮೀ. ತುದಿಯ ಪೆನ್ ರಬ್ಬರ್ ಒಂದು. ನಾದುವ ರಬ್ಬರನ್ನು ಉಜ್ಜುವುದಿಲ್ಲ, ಒತ್ತಿ ಎತ್ತುತ್ತೇವೆ; ಅದು ಛಾಯೆಯನ್ನು ಒಂದು ಮೆಟ್ಟಿಲು ತಿಳಿಗೊಳಿಸುವ ಸಾಧನ. ಇನ್ನು ಛಾಯೆಯನ್ನು ಉಜ್ಜಿ ಬೆರೆಸಲು ಕಾಗದ ಬಿಗಿಯಾಗಿ ಸುತ್ತಿ ಮಾಡಿದ ಒಂದು ಸ್ಟಂಪ್, ಪುಡಿ ಗುಡಿಸಲು ಒಣ ಬ್ರಷ್, ಕೈ ಊರಲು ಬಟರ್ ಪೇಪರ್, ಹಾಳೆಯನ್ನು ಹಲಗೆಗೆ ಅಂಟಿಸಲು ಮಾಸ್ಕಿಂಗ್ ಟೇಪ್, 40 × 50 ಸೆಂ.ಮೀ.ನ ಪ್ಲೈವುಡ್ ಹಲಗೆ. ಪುಡಿಯನ್ನು ಬಾಯಿಂದ ಊದಬೇಡಿ. ಉಗುಳಿನ ಹನಿ ಬಿದ್ದ ಜಾಗ ಕಲೆಯಾಗಿ ಉಳಿಯುತ್ತದೆ.

ಹಲಗೆಯನ್ನು ಮೇಜಿನ ಮೇಲೆ ಚಪ್ಪಟೆ ಇಡದೆ 50 ಡಿಗ್ರಿಯಷ್ಟು ಎತ್ತಿ ನಿಲ್ಲಿಸಿ. ಚಪ್ಪಟೆ ಹಾಳೆಯನ್ನು ಓರೆಯಾಗಿ ನೋಡುವಾಗ ಮೇಲಿನ ಭಾಗ ಕುಗ್ಗಿದಂತೆ ಕಾಣುತ್ತದೆ, ಕೈ ಅದನ್ನು ಸರಿಪಡಿಸಲು ಉದ್ದ ಮಾಡಿಬಿಡುತ್ತದೆ. ಮುಗಿದ ಮೇಲೆ ಗೋಡೆಗೆ ಹಿಡಿದರೆ ಚೊಂಬಿನ ಕಂಠ ಎಳೆದಂತಿರುತ್ತದೆ. ಮನೆಯಲ್ಲಿ ಬರೆದ ಮುಖಚಿತ್ರಗಳಲ್ಲಿ ಹಣೆ ಉದ್ದವಾಗುವುದಕ್ಕೂ ಬಹಳ ಸಲ ಇದೇ ಕಾರಣ.

ಛಾಯಾಪಟ್ಟಿ

ಚಿತ್ರಕ್ಕೆ ಮೊದಲು ಅದೇ ಹಾಳೆಯಿಂದ 18 × 2 ಸೆಂ.ಮೀ. ಪಟ್ಟಿ ಕತ್ತರಿಸಿ, 2 ಸೆಂ.ಮೀ.ಗೊಂದರಂತೆ 9 ಮನೆ ಮಾಡಿ. 1 ಬರಿ ಹಾಳೆ. 9 ಕಾರ್ಬನ್ ಪೆನ್ಸಿಲ್ಲಿನ ತುಂಬು ಕಪ್ಪು. 5 ಇವೆರಡರ ನಡುವೆ ಕೂರಬೇಕು. ಅದನ್ನು 2ಬಿಯಲ್ಲಿ ಮೊದಲು ಸಾಧಿಸಿ. ಆಮೇಲೆ 1 ಮತ್ತು 5ರ ನಡುವೆ 3 (ಎಚ್‌ಬಿ), 5 ಮತ್ತು 9ರ ನಡುವೆ 7 (4ಬಿ). ಕೊನೆಗೆ 2 (2ಎಚ್), 4 (ಎಚ್‌ಬಿ ಎರಡು ಪದರ), 6 (2ಬಿ ಮೇಲೆ 4ಬಿ), 8 (6ಬಿ). ಎಡದಿಂದ ಬಲಕ್ಕೆ ಸಾಲಾಗಿ ಹಚ್ಚುತ್ತಾ ಹೋದರೆ 6ಕ್ಕೇ ಕಪ್ಪು ಮುಗಿದುಹೋಗುತ್ತದೆ, ಅದಕ್ಕೇ ಈ ನಡುವಿನಿಂದ ಒಡೆಯುವ ಕ್ರಮ. ಕಣ್ಣು ಕಿರಿದು ಮಾಡಿ ನೋಡಿದಾಗ ಪಟ್ಟಿ ಒಂದೇ ಸಮನೆ ಇಳಿಯಬೇಕು, ಎಲ್ಲೂ ಹಾರಬಾರದು. ಸರಿಬಂದ ಮೇಲೆ ಪ್ರತಿ ಮನೆಯ ನಡುವೆ ಪಂಚಿಂಗ್ ಯಂತ್ರದಿಂದ ಒಂದು ತೂತು ಹೊಡೆಯಿರಿ. ಆ ತೂತಿನ ಮೂಲಕ ಚಿತ್ರದ ಅಥವಾ ವಸ್ತುವಿನ ಒಂದು ಜಾಗ ನೋಡಿದರೆ ಸುತ್ತಲ ಛಾಯೆಗೂ ಒಳಗಿನ ಛಾಯೆಗೂ ಇರುವ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ.

ಇಲ್ಲಿ ಒಂದು ವಿಷಯ ಮನಸ್ಸಿಗೆ ಇಳಿಯಬೇಕು, ಮುಂದಿನದೆಲ್ಲ ಇದರ ಮೇಲೇ ನಿಂತಿದೆ. ಚೊಂಬಿನ ಮೇಲೆ ಬಲ್ಬಿನ ಮಿಂಚು ಬಿಳಿ ಪಂಚೆಗಿಂತ ಎಷ್ಟೋ ಪಟ್ಟು ಪ್ರಖರ. ನಮ್ಮ ಕೈಲಿರುವ ಅತಿ ಹೆಚ್ಚಿನ ಬೆಳಕು ಅಂದರೆ ಹಾಳೆಯ ಬಿಳುಪು. ಆ ಬಿಳುಪನ್ನು ಪಂಚೆಗೇ ಕೊಟ್ಟುಬಿಟ್ಟರೆ ಮಿಂಚಿಗೆ ಏನೂ ಉಳಿಯುವುದಿಲ್ಲ. ತಿಂಗಳ ಸಂಬಳದ ಹಾಗೆ, ಇರುವುದರಲ್ಲೇ ಹಂಚಬೇಕು. ಮಿಂಚಿಗೆ 1, ಬೆಳಕು ಬಿದ್ದ ಪಂಚೆಗೆ 2. ಬಿಳಿ ಬಟ್ಟೆಗೆ ಪೆನ್ಸಿಲ್ ಹಚ್ಚಲು ಕೈ ಹಿಂಜರಿಯುತ್ತದೆ. ಹಿಂಜರಿದ ಚಿತ್ರಗಳಲ್ಲಿ ಲೋಹ ಲೋಹವಾಗದೆ ಬೂದು ಮಡಕೆಯಾಗಿ ಉಳಿಯುತ್ತದೆ. ಈ ಚಿತ್ರದ ಹಂಚಿಕೆ ಹೀಗಿತ್ತು: ನಿಂಬೆಯ ಬೆಳಕಿನ ಮಗ್ಗುಲು 2ರಿಂದ 3, ಹಿಂಗೋಡೆ 5, ಹಿತ್ತಾಳೆಯ ಸಾಮಾನ್ಯ ಮೈ 4ರಿಂದ 5, ಬಿದ್ದ ನೆರಳು 6, ಚೊಂಬಿನೊಳಗಿನ ಕತ್ತಲು ಮತ್ತು ಕಪ್ಪು ಪಟ್ಟೆಗಳು 8ರಿಂದ 9. ಇದನ್ನು ಪರೀಕ್ಷೆಯ ಹಾಳೆಯಲ್ಲಿ ಬೆಂಕಿಪೊಟ್ಟಣದ ಗಾತ್ರದ ಪುಟ್ಟ ಚಿತ್ರವಾಗಿ ಹತ್ತು ನಿಮಿಷದಲ್ಲಿ ಬರೆದು ನೋಡಿ. ಪುಟ್ಟ ಚಿತ್ರ ದೂರದಿಂದ ಹೊಳೆಯದಿದ್ದರೆ ದೊಡ್ಡದೂ ಹೊಳೆಯುವುದಿಲ್ಲ.

ಗೆರೆ

ಹಾಳೆಯಲ್ಲಿ ಚೊಂಬಿನ ಬಾಯಿ 8 ಸೆಂ.ಮೀ. ಅಗಲ ಎಂದು ನಿಗದಿ ಮಾಡಿ, ಉಳಿದದ್ದನ್ನೆಲ್ಲ ಅದರಿಂದಲೇ ಅಳೆಯಿರಿ. ಕೈ ಪೂರ್ತಿ ಚಾಚಿ, ಮೊಣಕೈ ಬಿಗಿಹಿಡಿದು, ಒಂದು ಕಣ್ಣು ಮುಚ್ಚಿ, ಪೆನ್ಸಿಲ್ ತುದಿಯಿಂದ ಹೆಬ್ಬೆರಳವರೆಗೆ ಬಾಯಿಯ ಅಗಲ ಹಿಡಿದುಕೊಳ್ಳಿ. ಅದೇ ಅಳತೆಯನ್ನು ಹೊಟ್ಟೆಗೂ ಎತ್ತರಕ್ಕೂ ಹಾಕಿ ನೋಡಿ. ಬಾಯಿ 1 ಎಂದರೆ ಹೊಟ್ಟೆ ಸುಮಾರು 1.4, ಕಂಠ 0.8, ಮೇಲಿನ ಅಂಚಿನಿಂದ ತಳದ ಮುಂದಿನ ಅಂಚಿನವರೆಗೆ 1.65. ಹಾಳೆಯ ಮೇಲೆ ಇವು ಕ್ರಮವಾಗಿ 11.2, 6.4, 13.2 ಸೆಂ.ಮೀ. ಮೊಣಕೈ ಮಡಿಸಿದರೆ ಪ್ರತಿಸಲವೂ ಬೇರೆ ಅಂಕಿ ಬರುತ್ತದೆ.

2ಎಚ್‌ನಲ್ಲಿ ಹಗುರವಾಗಿ ಒಂದು ನಡುಗೆರೆ ಎಳೆದು, ಬಾಯಿ, ಕಂಠ, ಹೊಟ್ಟೆ, ತಳಕ್ಕೆ ಅಡ್ಡಗೆರೆ ಹಾಕಿ, ಎಡಬಲ ಸಮ ದೂರ ಗುರುತಿಸಿ. ಈಗ ದೀರ್ಘವೃತ್ತಗಳು. ಚೊಂಬು ಕೆಡುವುದು ಇಲ್ಲಿ. 80 ಸೆಂ.ಮೀ. ದೂರ, 30 ಸೆಂ.ಮೀ. ಎತ್ತರದಿಂದ ನೋಡಿದಾಗ ಬಾಯಿಯ ವೃತ್ತದ ಎತ್ತರ ಅದರ ಅಗಲದ 0.35ರಷ್ಟು ಕಾಣುತ್ತದೆ, ಅಂದರೆ 8 ಸೆಂ.ಮೀ.ಗೆ 2.8. ತಳ ಕಣ್ಮಟ್ಟದಿಂದ 44 ಸೆಂ.ಮೀ. ಕೆಳಗಿದೆ, ಅಲ್ಲಿ ಅನುಪಾತ 0.48, 5 ಸೆಂ.ಮೀ. ಅಗಲದ ತಳಕ್ಕೆ 2.4. ಕಣ್ಣಿನಿಂದ ಕೆಳಗಿಳಿದಷ್ಟೂ ವೃತ್ತ ತೆರೆದುಕೊಳ್ಳುತ್ತದೆ. ತಳ ಮೇಜಿನ ಮೇಲೆ ಚಪ್ಪಟೆಯಾಗಿ ಕೂತಿದೆ ಎಂದು ಬುದ್ಧಿ ಹೇಳುವುದರಿಂದ ಕೈ ಅಲ್ಲಿ ನೇರ ಗೆರೆ ಎಳೆಯುತ್ತದೆ; ಚೊಂಬು ಕೂರದೆ ತೇಲುತ್ತದೆ. ಕಾಣದ ಹಿಂಬದಿಯನ್ನೂ ಸೇರಿಸಿ ಪೂರ್ತಿ ವೃತ್ತ ಬರೆದು ಆಮೇಲೆ ಅಳಿಸಿ. ವೃತ್ತದ ಎಡಬಲ ತುದಿ ಎಂದೂ ಚೂಪಾಗುವುದಿಲ್ಲ, ಎಷ್ಟೇ ಚಪ್ಪಟೆ ವೃತ್ತವಾದರೂ ಅಲ್ಲಿ ಸಣ್ಣ ದುಂಡು ತಿರುವಿರುತ್ತದೆ. ಭುಜದಿಂದ ಕೈ ಆಡಿಸಿ, ಹಾಳೆಗೆ ತಾಗಿಸದೆ ಗಾಳಿಯಲ್ಲಿ ಎರಡು ಸುತ್ತು ತಿರುಗಿಸಿ, ಮೂರನೆಯದಕ್ಕೆ ಪೆನ್ಸಿಲ್ ಇಳಿಸಿ.

ಬಾಯಿಯ ಅಂಚಿಗೆ ದಪ್ಪವಿದೆ. ಒಳವೃತ್ತ ಹೊರವೃತ್ತಗಳ ನಡುವಿನ ಜಾಗ ಎಡಬಲದಲ್ಲಿ ಅಗಲವಾಗಿಯೂ ಮುಂದೆ ಹಿಂದೆ ಕಿರಿದಾಗಿಯೂ ಕಾಣುತ್ತದೆ. ಸುತ್ತಲೂ ಒಂದೇ ಅಗಲ ಬಿಟ್ಟರೆ ಅಂಚು ಲೋಹದಂತಿರದೆ ರಬ್ಬರ್ ಬಳೆಯಂತಾಗುತ್ತದೆ.

ಪರೀಕ್ಷೆಗೆ ಹಲಗೆಯನ್ನು ತಲೆಕೆಳಗು ಮಾಡಿ ನೋಡಿ, ಕನ್ನಡಿಯಲ್ಲೂ ನೋಡಿ. ಓರೆ ತಕ್ಷಣ ಕಾಣುತ್ತದೆ. ಇನ್ನೂ ಖಚಿತ ಬೇಕಿದ್ದರೆ ಬಟರ್ ಪೇಪರಿನಲ್ಲಿ ಎಡ ಅರ್ಧವನ್ನು ನಕಲು ತೆಗೆದು ನಡುಗೆರೆಯ ಮೇಲೆ ಮಗುಚಿ ಬಲಕ್ಕೆ ಹೊಂದಿಸಿ. ಪ್ರತಿಬಿಂಬಗಳ ಹೊರಗೆರೆಯನ್ನೂ ಈ ಹಂತದಲ್ಲೇ ತೆಳುವಾಗಿ ಗುರುತಿಸಿಕೊಳ್ಳಬೇಕು. ಮುಗಿದ ಗೆರೆಚಿತ್ರದ ಮೇಲೆ ನಾದುವ ರಬ್ಬರನ್ನು ಕಡ್ಡಿಯಂತೆ ಹೊಸೆದು ಉರುಳಿಸಿ, ಗೆರೆ ಕಂಡೂ ಕಾಣದಷ್ಟು ತಿಳಿಯಾಗಲಿ. ಗಾಢ ಗೆರೆ ಉಳಿದರೆ ಕೊನೆಯವರೆಗೂ ವಸ್ತುವಿನ ಸುತ್ತ ತಂತಿ ಸುತ್ತಿದ ಹಾಗಿರುತ್ತದೆ.

ಛಾಯೆ: ಕಪ್ಪಿನಿಂದ ಶುರು

ತಿಳಿಯಿಂದ ಕಪ್ಪಿಗೆ ಹೋಗಬೇಕೆಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಈ ಚಿತ್ರದಲ್ಲಿ ಮೊದಲು ಇಳಿದದ್ದು ಅತಿ ಕಪ್ಪಾದ ಜಾಗ: ಬಾಯಿಯೊಳಗಿನ ಕತ್ತಲು. ಬಿಳಿ ಹಾಳೆಯ ನಡುವೆ 4ನೇ ಛಾಯೆಯೂ ಕಡುಕಪ್ಪಾಗಿ ಕಾಣುವುದರಿಂದ ಕೈ ಅಲ್ಲೇ ನಿಂತುಬಿಡುತ್ತದೆ, ಇಡೀ ಚಿತ್ರ ಬೂದಾಗಿ ಮುಗಿಯುತ್ತದೆ. ಒಂದು ಕಡೆ ನಿಜವಾದ 9 ಇದ್ದರೆ ಉಳಿದದ್ದಕ್ಕೆ ಅಳತೆಗೋಲು ಸಿಕ್ಕಂತೆ.

ಕಪ್ಪಿಗೆ ಕ್ರಮ ಮುಖ್ಯ. ಎಚ್‌ಬಿಯಿಂದ ಒತ್ತಿ ತುಂಬಿ ಅದರ ಮೇಲೆ 6ಬಿ ಹಚ್ಚಲು ಹೋದರೆ ಹತ್ತುವುದಿಲ್ಲ, ತರಿ ಮುಚ್ಚಿ ನುಣುಪಾಗಿರುತ್ತದೆ. ಕಾರ್ಬನ್ ಪೆನ್ಸಿಲ್ ಗ್ರಾಫೈಟಿನ ಮೇಲೆ ಇನ್ನೂ ಜಾರುತ್ತದೆ. ಆದ್ದರಿಂದ 8, 9 ಬರಬೇಕಾದ ಜಾಗಕ್ಕೆ ಬರಿ ಹಾಳೆಯ ಮೇಲೇ ಕಾರ್ಬನ್, ಹಗುರ ಒತ್ತಡದಲ್ಲಿ ನಾಲ್ಕು ಪದರ, ಪ್ರತಿ ಪದರದ ದಿಕ್ಕು ಹಿಂದಿನದಕ್ಕಿಂತ 30 ಡಿಗ್ರಿ ತಿರುಗಿಸಿ. ಅಂಚಿನಲ್ಲಿ ಪಕ್ಕದ ಛಾಯೆಗೆ ಬೆರೆಯುವ ಜಾಗದಲ್ಲಿ ಮಾತ್ರ 4ಬಿ. ಗ್ರಾಫೈಟಿನ ಹರಳುಗಳು ಹಾಳೆಹಾಳೆಯಾಗಿ ಮಲಗಿ ಬೆಳಕನ್ನು ಹಿಂದಕ್ಕೆ ಎಸೆಯುತ್ತವೆ; 8ಬಿಯಲ್ಲಿ ಒತ್ತಿ ಹಚ್ಚಿದ ಕಪ್ಪು ಓರೆಯಿಂದ ಬೆಳ್ಳಗೆ ಮಿನುಗುವುದು ಇದಕ್ಕೇ. ಕಾರ್ಬನ್ ಹಾಗೆ ಮಿನುಗದು.

ಬಲಗೈಯವರು ಎಡದ ಮೇಲ್ಮೂಲೆಯಿಂದ ಬಲಕ್ಕೆ, ಕೆಳಕ್ಕೆ ಸಾಗಿ. ಬಟರ್ ಪೇಪರ್ ಕೈಯ ಕೆಳಗೆ ಸದಾ ಇರಲಿ, ಎಳೆಯದೆ ಎತ್ತಿ ಇಡಿ.

ಹೊಟ್ಟೆಯ ಮೇಲೆ ಏನೇನು ಕಾಣುತ್ತದೆ ಎಂದು ತಿಳಿದುಕೊಂಡು ಹಚ್ಚಿದರೆ ಕೆಲಸ ಅರ್ಧ ಹಗುರ. ಹೊಟ್ಟೆ ಉಬ್ಬುಗನ್ನಡಿ. ನಮ್ಮ ಕಡೆ ನೇರ ಮುಖ ಮಾಡಿದ ನಡುಭಾಗದಲ್ಲಿ ನಾವು ಕೂತ ಕತ್ತಲ ಕೋಣೆ ಬಿದ್ದಿರುತ್ತದೆ, ಅದು 7ರ ಅಗಲ ಪಟ್ಟೆ. ಅದರ ಕೆಳಗೆ ಮುಂದೆ ಚಾಚಿದ ಪಂಚೆ, ಸುಮಾರು 3. ಈ ಕತ್ತಲಿಗೂ ಪಂಚೆಗೂ ನಡುವಿನ ಗಡಿ ಬಟ್ಟೆ ಕೊನೆಯಾಗುವ ಅಂಚು. ಅದು ನೇರವಾಗಿರದೆ ಹೊಟ್ಟೆಯ ದುಂಡಿನ ಜೊತೆ ಬಾಗುತ್ತದೆ. ಬಲಕ್ಕೆ ಕಪ್ಪು ಗೋಡೆ, 9ರ ಲಂಬ ಪಟ್ಟೆ, ಮೇಲೂ ಕೆಳಗೂ ಸಪೂರ. ಆದರೆ ಬಲ ಅಂಚಿಗೆ ತೀರಾ ಹತ್ತಿರ, 3 ಮಿ.ಮೀ. ಅಗಲದಲ್ಲಿ ಮತ್ತೆ ಬೂದು ಕಾಣುತ್ತದೆ. ಅಂಚಿನಲ್ಲಿ ಮೇಲ್ಮೈ ನಮ್ಮಿಂದ ಓರೆಯಾಗಿ ತಿರುಗಿರುವುದರಿಂದ ಅಲ್ಲಿ ಬೀಳುವುದು ಹಿಂಗೋಡೆಯ ಪ್ರತಿಬಿಂಬ. ಹಿಂಗೋಡೆಯೂ 5, ಅಂಚೂ 5. ಎರಡೂ ಸೇರಿ ಗೆರೆ ಮಾಯವಾಗುತ್ತದೆ. ಅಲ್ಲಿ ಗೆರೆ ಹಾಕಬೇಡಿ. ನೋಡುವವರ ಕಣ್ಣು ತಾನೇ ಮುಗಿಸಿಕೊಳ್ಳುತ್ತದೆ, ಚೊಂಬು ಗಾಳಿಯಲ್ಲಿ ನಿಜವಾಗಿ ತಿರುಗಿದಂತೆ ಕಾಣುವುದು ಇಂಥ ಕಳೆದ ಅಂಚುಗಳಿಂದ.

ಕಂಠದಲ್ಲಿ ಕ್ರಮ ತಿರುವುಮುರುವು. ಹೊಟ್ಟೆ ಉಬ್ಬಿದ್ದರೆ ಕಂಠ ಮೇಲಿನಿಂದ ಕೆಳಕ್ಕೆ ಒಳಬಾಗಿದೆ. ಅದರ ಮೇಲ್ಭಾಗ ನೆಲದ ಕಡೆ ಮುಖ ಮಾಡಿ ಚೊಂಬಿನ ಭುಜವನ್ನೂ ಪಂಚೆಯನ್ನೂ ತೋರಿಸುತ್ತದೆ, ಕೆಳಭಾಗ ಮೇಲ್ಮುಖವಾಗಿ ಚಾವಣಿಯ ಕತ್ತಲನ್ನು ತೋರಿಸುತ್ತದೆ. ಹೊಟ್ಟೆಯ ಶೇಡಿಂಗನ್ನೇ ಕಂಠಕ್ಕೂ ಮುಂದುವರಿಸಿದರೆ ಕಂಠವೂ ಉಬ್ಬಿದಂತಾಗಿ ಚೊಂಬು ಎರಡು ಗುಂಡು ಜೋಡಿಸಿದಂತೆ ಕಾಣುತ್ತದೆ. ಎಡಕೆಳಗೆ ನಿಂಬೆಯ ಪ್ರತಿಬಿಂಬ: ನಿಜ ಹಣ್ಣಿಗಿಂತ ಚಿಕ್ಕದು, ಅಂಚಿನ ಕಡೆಗೆ ಅಡ್ಡಲಾಗಿ ಕುಗ್ಗಿ ಉದ್ದಗಾದದ್ದು, ನಿಜ ಹಣ್ಣಿಗಿಂತ ಒಂದು ಮೆಟ್ಟಿಲು ಗಾಢ. ಈ ಸಣ್ಣ ಆಕಾರ ಸರಿಬಂದರೆ ಹಿತ್ತಾಳೆಯನ್ನು ಯಾರಿಗೂ ವಿವರಿಸಿ ಹೇಳಬೇಕಿಲ್ಲ.

ಲೋಹದಲ್ಲಿ ಛಾಯೆ ಮೆಲ್ಲಗೆ ಬದಲಾಗದೆ ಹಾರುತ್ತದೆ: 3ರ ಪಕ್ಕದಲ್ಲೇ 8. ಆ ಗಡಿಯನ್ನು ಸ್ಟಂಪಿನಿಂದ ಉಜ್ಜಿ ಮೆತ್ತಗೆ ಮಾಡಿದರೆ ಹೊಳಪು ಸತ್ತುಹೋಗುತ್ತದೆ. ಸ್ಟಂಪ್ ಬಳಸಿದ್ದು ಹಿಂಗೋಡೆ ಮತ್ತು ಬಿದ್ದ ನೆರಳಿನ ದೂರದ ಭಾಗಕ್ಕೆ ಮಾತ್ರ. ಹೊಟ್ಟೆಯ ನುಣುಪಿಗೆ ದಾರಿ ಬೇರೆ: 2ಬಿಯಲ್ಲಿ ಎರಡು ಹಗುರ ಪದರ, ಮೇಲೆ ಮೊನಚಾದ ಎಚ್‌ಬಿಯಿಂದ ಪುಟ್ಟ ಪುಟ್ಟ ಸುತ್ತುಗಳು. ಗಟ್ಟಿ ಕಡ್ಡಿ ಮೆತ್ತನೆ ಗ್ರಾಫೈಟನ್ನು ತರಿಯ ಹಳ್ಳಕ್ಕೆ ತಳ್ಳಿ ಬಿಳಿ ಚುಕ್ಕಿಗಳನ್ನು ಮುಚ್ಚುತ್ತದೆ. ಇದನ್ನು ಕೊನೆಯ ಪದರವಾಗಿ ಮಾಡಬೇಕು, ಆಮೇಲೆ ಅಲ್ಲಿ ಬೇರೇನೂ ಹತ್ತದು.

ಬಲ್ಬಿನ ಮಿಂಚನ್ನು ಮೊದಲಿನಿಂದಲೂ ಖಾಲಿ ಬಿಡಿ. ಬೂದಾದ ಜಾಗವನ್ನು ಕೊನೆಗೆ ರಬ್ಬರಿನಿಂದ ಬೆಳ್ಳಗೆ ಮಾಡಬಹುದೆಂದು ನಂಬಿದರೆ 2ರ ಛಾಯೆ ಸಿಗುತ್ತದೆ, 1 ಸಿಗುವುದಿಲ್ಲ. ತರಿಯೊಳಗೆ ಇಳಿದ ಗ್ರಾಫೈಟ್ ಪೂರ್ತಿ ಹೊರಬರದು. ಚೊಂಬನ್ನು ತಿಕ್ಕಿದಾಗ ಬಿದ್ದ ಗೀರುಗಳಿಗೆ ಇನ್ನೊಂದು ಉಪಾಯವಿದೆ. ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಬರಿ ಹಾಳೆಯಲ್ಲಿ ತೆಳು ತಗ್ಗು ಗೆರೆ ಒತ್ತಿಡಿ. ಆಮೇಲೆ ಹಚ್ಚಿದ ಪೆನ್ಸಿಲ್ ಆ ತಗ್ಗಿನ ಮೇಲೆ ಹಾರಿಹೋಗಿ ಬಿಳಿ ಎಳೆ ಉಳಿಯುತ್ತದೆ. ಮೂರು ನಾಲ್ಕು ಗೆರೆ ಸಾಕು, ಹೆಚ್ಚಾದರೆ ಪಾತ್ರೆ ಸೀಳಿದ ಹಾಗೆ ಕಾಣುತ್ತದೆ.

ನಿಂಬೆ ಲೋಹಕ್ಕೆ ಪೂರ್ತಿ ವಿರುದ್ಧ ಪಾಠ, ಇಲ್ಲಿ ಛಾಯೆ ಹಾರದೆ ಮೆಲ್ಲಗೆ ಬದಲಾಗುತ್ತದೆ. ಬೆಳಕಿನ ಮಗ್ಗುಲು 2ರಿಂದ 3, ಒಡಲ ನೆರಳು 5, ಅದರಾಚೆ ಪಂಚೆಯಿಂದ ಎದ್ದ ಮರುಬೆಳಕು 4. ಮರುಬೆಳಕು ಎಷ್ಟೇ ಚೆಂದ ಕಂಡರೂ ಬೆಳಕಿನ ಮಗ್ಗುಲಿಗಿಂತ ತಿಳಿಯಾಗಬಾರದು. 2 ಕೊಟ್ಟರೆ ಹಣ್ಣಿನೊಳಗೆ ದೀಪ ಇಟ್ಟಂತಾಗುತ್ತದೆ. ಸಿಪ್ಪೆಯ ಗುಳಿಗಳನ್ನು ಬೆಳಕು ನೆರಳು ಸೇರುವ ಪಟ್ಟೆಯಲ್ಲಿ ಮಾತ್ರ ತೋರಿಸಿ, ಓರೆಬೆಳಕು ಅಲ್ಲೇ ಅವನ್ನು ಎತ್ತಿ ತೋರಿಸುತ್ತದೆ.

ಬಿದ್ದ ನೆರಳಿನ ಅಂಚು ಚೊಂಬಿನ ಬುಡದಲ್ಲಿ ಚೂರಿಯಷ್ಟು ಹರಿತ, ದೂರ ಹೋದಂತೆ ಮಸುಕು. ಬಲ್ಬಿಗೆ ಅಗಲವಿರುವುದರಿಂದ ದೂರದಲ್ಲಿ ಅದು ನೆರಳಿನ ಅಂಚನ್ನು ಅಷ್ಟಿಷ್ಟು ಬೆಳಗುತ್ತದೆ. ತಳ ಪಂಚೆಗೆ ತಾಗುವಲ್ಲಿ 1 ಮಿ.ಮೀ.ಗೂ ತೆಳುವಾದ 9ರ ಗೆರೆ ಇರುತ್ತದೆ. ಅದನ್ನು ಬಿಟ್ಟರೆ ಚೊಂಬಿಗೆ ತೂಕ ಬರುವುದಿಲ್ಲ.

ಕೆಟ್ಟರೆ ಸರಿಪಡಿಸುವುದು

ಬೆರಳಿನಿಂದ ಉಜ್ಜಿದ ಜಾಗ ಕಲೆಕಲೆಯಾಗಿದ್ದರೆ ಅದು ಚರ್ಮದ ಎಣ್ಣೆ. ಅಳಿಸಿದರೆ ಹೋಗದು. ಆ ಜಾಗದ ಕಲೆಯಷ್ಟೇ ಗಾಢವಾಗಿ ಸುತ್ತಲಿನದನ್ನು ಇಳಿಸುವುದೊಂದೇ ದಾರಿ. ಹಿಂಗೋಡೆಯಲ್ಲಿ ಇದು ನಡೆಯುತ್ತದೆ, ಪಂಚೆಯಲ್ಲಿ ನಡೆಯದು.

ಶೇಡಿಂಗ್ ನಡುವೆ ಕಪ್ಪು ಚುಕ್ಕಿ ಬಿದ್ದರೆ ನಾದುವ ರಬ್ಬರನ್ನು ಸೂಜಿಯಂತೆ ಹೊಸೆದು ಚುಚ್ಚಿ ಎತ್ತಿ. ಬಿಳಿ ಚುಕ್ಕಿಯಿದ್ದರೆ ಮೊನಚಾದ ಎಚ್‌ಬಿಯಿಂದ ಒಂದೊಂದಾಗಿ ತುಂಬಿ. ಸಹನೆಯ ಕೆಲಸ, ಆದರೆ ಮೈ ನುಣುಪಾಗುವುದು ಇದರಿಂದಲೇ.

ಗ್ರಾಫೈಟಿನಲ್ಲೇ ಕಪ್ಪು ತುಂಬಿ ಮಿನುಗುತ್ತಿದ್ದರೆ, ಮ್ಯಾಟ್ ವರ್ಕೆಬಲ್ ಫಿಕ್ಸೆಟಿವ್ (ಪೆನ್ಸಿಲ್ ಪುಡಿಯನ್ನು ಹಾಳೆಗೆ ಹಿಡಿದಿಡುವ, ಮೇಲೆ ಮತ್ತೆ ಹಚ್ಚಲು ಬಿಡುವ ಮಿನುಗದ ಸ್ಪ್ರೇ) ಅನ್ನು 30 ಸೆಂ.ಮೀ. ದೂರದಿಂದ ತೆಳುವಾಗಿ ಎರಡು ಸಲ ಸಿಂಪಡಿಸಿ, ಒಣಗಿದ ಮೇಲೆ ಕಾರ್ಬನ್ ಹಚ್ಚಿ. ಅದು ಸಣ್ಣ ತರಿಯನ್ನು ಮತ್ತೆ ಕೊಡುತ್ತದೆ. ಸಿಂಪಡಿಸುವುದು ಮನೆಯ ಹೊರಗೆ, ಮೊದಲು ಪರೀಕ್ಷೆಯ ಹಾಳೆಯ ಮೇಲೆ. ಫಿಕ್ಸೆಟಿವ್ ಬಿದ್ದ ಮೇಲೆ ರಬ್ಬರ್ ಕೆಲಸ ಮಾಡದು. ಹೇರ್ ಸ್ಪ್ರೇ ಕಾಲಕ್ರಮೇಣ ಹಳದಿಗಟ್ಟುವುದರಿಂದ ಬೇಡ.

ಮಲೆನಾಡು, ಕರಾವಳಿಯಲ್ಲಿ ಮಳೆಗಾಲಕ್ಕೆ ಹಾಳೆ ತೇವ ಹೀರಿ ಮೆತ್ತಗಾಗುತ್ತದೆ; ರಬ್ಬರ್ ತಾಗಿದಲ್ಲಿ ನಾರು ಏಳುತ್ತದೆ, ಅಲ್ಲಿ ಪೆನ್ಸಿಲ್ ಕಪ್ಪಾಗಿ ಹಿಡಿಯುತ್ತದೆ. ಖಾಲಿ ಹಾಳೆಗಳನ್ನು ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಮುಚ್ಚಿದ ಪ್ಲಾಸ್ಟಿಕ್ ಕವರಿನಲ್ಲಿಡಿ. ನಾರು ಎದ್ದುಬಿಟ್ಟಿದ್ದರೆ ಮೇಲೆ ಬಟರ್ ಪೇಪರ್ ಇಟ್ಟು ಚಮಚದ ಬೆನ್ನಿನಿಂದ ಉಜ್ಜಿ ಮಲಗಿಸಿ, ಆಮೇಲೆ 2ಎಚ್ ಮಾತ್ರ ಬಳಸಿ.

ಎಲ್ಲವೂ ಸರಿಯಿದ್ದೂ ಚಿತ್ರ ಚಪ್ಪಟೆಯಾಗಿ ಕಂಡರೆ ಎರಡು ಮೀಟರ್ ದೂರ ನಿಂತು ಕಣ್ಣು ಕಿರಿದುಮಾಡಿ, ತೂತಿನ ಪಟ್ಟಿ ಹಿಡಿದು ಪಂಚೆಯನ್ನು ನೋಡಿ. ಬಹುಪಾಲು ಅದು 1ರಲ್ಲೇ ಉಳಿದಿರುತ್ತದೆ. 2ಎಚ್‌ನಲ್ಲಿ ಇಡೀ ಬಟ್ಟೆಗೆ ಒಂದು ಹಗುರ ಪದರ ಕೊಟ್ಟರೆ ಮಿಂಚು ಅಲ್ಲೇ ಹೊತ್ತಿಕೊಳ್ಳುತ್ತದೆ.

ಮುಗಿದ ಮೇಲೆ

ಟೇಪನ್ನು ಅದರ ಮೇಲೇ ಹಿಂದಕ್ಕೆ ಮಡಚಿ, ಹಾಳೆಗೆ ಸಮಾನಾಂತರವಾಗಿ, ಚಿತ್ರದಿಂದ ಹೊರಮುಖವಾಗಿ ನಿಧಾನ ಎಳೆಯಿರಿ. ಅಂಟಿಸುವ ಮೊದಲೇ ಟೇಪನ್ನು ಒಮ್ಮೆ ಅಂಗಿಗೆ ಒತ್ತಿ ತೆಗೆದಿದ್ದರೆ ಅಂಟು ತಗ್ಗಿ ಹಾಳೆ ಹರಿಯದು. ಚಿತ್ರದ ಮೇಲೆ ಬಟರ್ ಪೇಪರ್ ಇಟ್ಟು ಗಟ್ಟಿ ರಟ್ಟಿನ ನಡುವೆ ಸೇರಿಸಿಡಿ, ಪ್ಲಾಸ್ಟಿಕ್ ಫೈಲ್ ಸ್ಥಿರವಿದ್ಯುತ್ತಿನಿಂದ ಪುಡಿಯನ್ನು ಎಳೆದುಕೊಳ್ಳುತ್ತದೆ. ಚೌಕಟ್ಟು ಹಾಕಿಸುವಾಗ ಗಾಜಿಗೂ ಚಿತ್ರಕ್ಕೂ ನಡುವೆ ಮೌಂಟ್ ಬೋರ್ಡ್ ಹಾಕಿ 2 ಮಿ.ಮೀ. ಅಂತರ ಬಿಡಲು ಹೇಳಿ.

ಮುಂದಿನ ಚಿತ್ರಕ್ಕೆ ಅದೇ ಚೊಂಬನ್ನು ಹುಣಸೆಹಣ್ಣಿನಲ್ಲಿ ಆ ದಿನವೇ ಬೆಳಗಿ, ಪೆಟ್ಟಿಗೆ ತೆಗೆದು, ಎಡಗಡೆಯ ಕಿಟಕಿ ತೆರೆದಿಡಿ. ಬಲ್ಬಿನ ಚುಕ್ಕಿಯ ಜಾಗದಲ್ಲಿ ಬಾಗಿದ ನಾಲ್ಕು ಮೂಲೆಯ ಕಿಟಕಿ, ಅದರ ಸರಳುಗಳು ಬರುತ್ತವೆ. ಕಿಟಕಿಯ ಬೆಳಕು ಬೇಗ ಸರಿಯುವುದರಿಂದ ಗಾತ್ರವನ್ನು ಎ5ಗೆ ಇಳಿಸಿ, ಪ್ರತಿದಿನ ಅದೇ ಗಂಟೆಯ 40 ನಿಮಿಷ ಮಾತ್ರ ಬರೆಯಿರಿ.